ಟೆಸ್ಟ್‌ಡಿಸ್ಕ್ 7.2: ಪಾರ್ಟಿಷನ್ ಟೇಬಲ್ ಹಾಳಾದಾಗ ಎಷ್ಟು ನಂಬಬಹುದು?

ಡಿಸ್ಕ್‌ನ ಯಾವ ಭಾಗ (ಪಾರ್ಟಿಷನ್) ಎಲ್ಲಿ ಶುರು, ಎಷ್ಟು ದೊಡ್ಡದು ಎಂಬ ಪಟ್ಟಿಯೇ ಪಾರ್ಟಿಷನ್ ಟೇಬಲ್. ಲಿನಕ್ಸ್‌ನಲ್ಲಿ ಅದು ಹಾಳಾಗಿ ಪಾರ್ಟಿಷನ್ ಕಾಣೆಯಾದರೆ ಎಲ್ಲರೂ ಹೇಳುವ ಮೊದಲ ಹೆಸರು ಟೆಸ್ಟ್‌ಡಿಸ್ಕ್. ಕ್ರಿಸ್ಟೋಫ್ ಗ್ರೆನಿಯೆ ಬರೆದ, ಪುಕ್ಕಟೆ ಸಿಗುವ ಮುಕ್ತ ತಂತ್ರಾಂಶ ಇದು. 7.2 ಬಂದದ್ದು 2024ರಲ್ಲಿ. ಕೆಲಸ ಚೆನ್ನಾಗಿಯೇ ಮಾಡುತ್ತದೆ. ಆದರೆ ಇದನ್ನು ಮೊದಲು ಕೈಗೆತ್ತಿಕೊಳ್ಳಬಾರದು, ಅದಕ್ಕೂ ಮುಂಚೆ ನೋಡಬೇಕಾದ್ದಿದೆ.

ಡಿಸ್ಕ್‌ಗೆ ನೇರ ಬರೆಯುವ ಡಿಡಿ ಆಜ್ಞೆಯನ್ನು ತಪ್ಪು ಡಿಸ್ಕ್‌ಗೆ ಹೊಡೆದು ಟೇಬಲ್ ಹೋಗಿದೆ, ಮಷೀನ್ ಇನ್ನೂ ಚಾಲೂ ಇದೆ ಎಂದಾದರೆ ರೀಬೂಟ್ ಮಾಡಲೇಬೇಡಿ. ಹಳೆಯ ಟೇಬಲ್ ಇನ್ನೂ ಕರ್ನಲ್‌ನ (ಲಿನಕ್ಸ್‌ನ ತಿರುಳು) ನೆನಪಿನಲ್ಲಿರುತ್ತದೆ. ಸಿಸ್ ಡೈರೆಕ್ಟರಿಯ ಬ್ಲಾಕ್ ಫೋಲ್ಡರಿನಲ್ಲಿ (/sys/block) ಪ್ರತಿ ಪಾರ್ಟಿಷನ್‌ಗೂ ಸ್ಟಾರ್ಟ್, ಸೈಜ್ ಎಂಬ ಫೈಲುಗಳಿವೆ. ಎರಡರ ಅಂಕಿಗಳನ್ನೂ ಕಾಗದದಲ್ಲಿ ಬರೆದುಕೊಳ್ಳಿ. ಅವು 512 ಬೈಟ್ ಸೆಕ್ಟರ್ (ಡಿಸ್ಕ್‌ನ ಚಿಕ್ಕ ತುಂಡು) ಲೆಕ್ಕದಲ್ಲಿರುತ್ತವೆ. ಅಷ್ಟಿದ್ದರೆ ಟೇಬಲನ್ನು ಕೈಯಿಂದಲೇ ಮತ್ತೆ ಕಟ್ಟಬಹುದು.

ಟೇಬಲ್‌ನಲ್ಲಿ ಎರಡು ಬಗೆ: ಹೊಸ ಜಿಪಿಟಿ, ಹಳೆಯ ಎಂಬಿಆರ್. ಜಿಪಿಟಿ ಡಿಸ್ಕ್ ಆದರೆ ಟೇಬಲ್‌ನ ಇನ್ನೊಂದು ಪ್ರತಿ ಡಿಸ್ಕ್‌ನ ಕೊನೆಯ ಸೆಕ್ಟರುಗಳಲ್ಲಿ ಇರುತ್ತದೆ. ತಪ್ಪಿ ಐಎಸ್ಒ (ಇನ್‌ಸ್ಟಾಲ್ ಇಮೇಜ್) ಬರೆದಾಗ ಹಾಳಾಗುವುದು ಮುಂಭಾಗ, ಬಾಲ ಸಾಮಾನ್ಯವಾಗಿ ಉಳಿದಿರುತ್ತದೆ. ಜಿಪಿಟಿ ಟೇಬಲ್ ತಿದ್ದುವ ಜಿಡಿಸ್ಕ್ ತೆರೆದು ಆರ್ ಒತ್ತಿ ರಿಕವರಿ ಮೆನುಗೆ ಹೋಗಿ. ಬಿ ಒತ್ತಿದರೆ ಬ್ಯಾಕಪ್ ಹೆಡರ್, ಸಿ ಒತ್ತಿದರೆ ಬ್ಯಾಕಪ್ ಟೇಬಲ್ ಬರುತ್ತದೆ. ಪಿ ಒತ್ತಿ ಪಟ್ಟಿ ನೋಡಿ, ವಿ ಒತ್ತಿ ಪರೀಕ್ಷಿಸಿ, ಎಲ್ಲ ಸರಿಯಿದ್ದರೆ ಮಾತ್ರ ಡಬ್ಲ್ಯು ಒತ್ತಿ ಡಿಸ್ಕ್‌ಗೆ ಬರೆಯಿರಿ. ಐದು ನಿಮಿಷದ ಕೆಲಸ. ಎಂಬಿಆರ್ ಡಿಸ್ಕ್‌ಗೆ ಈ ಭಾಗ್ಯವಿಲ್ಲ, ಅಲ್ಲಿರುವುದು ಮೊದಲ ಸೆಕ್ಟರಿನ 64 ಬೈಟ್ ಮಾತ್ರ.

ಇನ್ನೊಂದು ಮೋಸ: ಯುಎಸ್‌ಬಿ ಪೋರ್ಟ್ ಮುರಿದ ಎಕ್ಸ್‌ಟರ್ನಲ್ ಡಿಸ್ಕನ್ನು ಡಬ್ಬಿಯಿಂದ ತೆಗೆದು ನೇರ ಡೆಸ್ಕ್‌ಟಾಪ್‌ಗೆ ಹಾಕಿದಾಗ ಟೇಬಲ್ ಕಾಣದೇ ಹೋಗುತ್ತದೆ. ಕೆಲವು ಡಬ್ಬಿಗಳು 4096 ಬೈಟ್ ಸೆಕ್ಟರ್ ತೋರಿಸುತ್ತವೆ, ಡೆಸ್ಕ್‌ಟಾಪ್ ಒಳಗಿನ ಸಾಟಾ ಪೋರ್ಟ್ 512 ತೋರಿಸುತ್ತದೆ. ಇಲ್ಲಿ ಟೇಬಲ್ ಕೆಟ್ಟೇ ಇಲ್ಲ! ಅದೇ ಜಾತಿಯ ಡಬ್ಬಿಗೆ ಹಾಕಿ ಕಾಪಿ ಮಾಡಿಕೊಳ್ಳಿ. ಏನನ್ನೂ ಬರೆಯಬೇಡಿ.

ಇವೆಲ್ಲ ಆದಮೇಲೆ ಟೆಸ್ಟ್‌ಡಿಸ್ಕ್. ಅದಕ್ಕೂ ಮುಂಚೆ ಡಿಡಿರೆಸ್ಕ್ಯೂ ಎಂಬ ಉಪಕರಣದಿಂದ ಡಿಸ್ಕ್‌ನ ಪೂರ್ತಿ ಇಮೇಜ್ (ಯಥಾಪ್ರತಿ) ತೆಗೆಯಿರಿ, ಎಲ್ಲಿಯವರೆಗೆ ಆಯಿತು ಎಂದು ಬರೆದಿಡುವ ಮ್ಯಾಪ್ ಫೈಲ್ ಕೊಟ್ಟೇ ಓಡಿಸಿ. ಆಷಾಢದ ಮಳೆಯಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ಕರೆಂಟ್ ಹೋಗಿ ನಡುವೆ ನಿಂತರೂ, ಮ್ಯಾಪ್ ಫೈಲ್ ಇದ್ದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಟೆಸ್ಟ್‌ಡಿಸ್ಕನ್ನು ಆ ಇಮೇಜ್ ಮೇಲೆಯೇ ಓಡಿಸಬಹುದು. ನೆಟ್ ನಿಧಾನವಿರುವ ಊರಿನವರು ಸಿಸ್ಟಂರೆಸ್ಕ್ಯೂ (ರಿಪೇರಿಗೆಂದೇ ಇರುವ ಲಿನಕ್ಸ್) ಪೆನ್‌ಡ್ರೈವ್ ಮೊದಲೇ ಮಾಡಿಟ್ಟುಕೊಳ್ಳಿ, ಜಿಡಿಸ್ಕ್, ಡಿಡಿರೆಸ್ಕ್ಯೂ, ಟೆಸ್ಟ್‌ಡಿಸ್ಕ್ ಮೂರೂ ಅದರಲ್ಲಿವೆ.

ಟೆಸ್ಟ್‌ಡಿಸ್ಕ್ ಮೆನುವಿನಲ್ಲಿ ಮೊದಲು ಅನಲೈಸ್, ಆಮೇಲೆ ಕ್ವಿಕ್ ಸರ್ಚ್ ಆರಿಸಿ. ಫೈಲ್‌ಸಿಸ್ಟಂಗಳ (ಪಾರ್ಟಿಷನ್ ಒಳಗೆ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಗುರುತು ಹುಡುಕಿ ಪಟ್ಟಿ ಕೊಡುತ್ತದೆ. ಹಲವು ಸಲ ಫಾರ್ಮ್ಯಾಟ್ ಆದ ಡಿಸ್ಕ್‌ನಲ್ಲಿ ಹಳೆಯ ಪಾರ್ಟಿಷನ್‌ಗಳ ಅವಶೇಷವೂ ಪಟ್ಟಿಗೆ ಬಂದು, ಒಂದರ ಮೇಲೊಂದು ಬಿದ್ದು, ‘ಸ್ಟ್ರಕ್ಚರ್ ಬ್ಯಾಡ್’ ಎನ್ನುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಪ್ರತಿ ಸಾಲಿನ ಮೇಲೂ ಪಿ ಒತ್ತಿ ನೋಡಿ. ನಿಮ್ಮ ಫೈಲುಗಳು, ಮಂಡಿಯ ಅಡಿಕೆ ಲೆಕ್ಕದಂಥವು, ಹೆಸರು ಸಮೇತ ಕಂಡರೆ ಅದೇ ಅಸಲಿ ಸಾಲು. ಹುಸಿ ಸಾಲುಗಳನ್ನು ಎಡ-ಬಲ ಬಾಣದ ಕೀಲಿಯಿಂದ ಡಿ (ಡಿಲೀಟೆಡ್, ಅಂದರೆ ಟೇಬಲ್‌ಗೆ ಬೇಡ) ಮಾಡಿ. ಎಕ್ಸ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಂ, ಎಲ್‌ವಿಎಂ ಎಂಬ ಡಿಸ್ಕ್ ಹಂಚಿಕೆ ಪದ್ಧತಿಗಳ ಒಳಗಿನ ಫೈಲುಗಳನ್ನು ಇದು ತೋರಿಸುವುದಿಲ್ಲ. ಇದು ದೊಡ್ಡ ಕೊರತೆ. ಅಂಥ ಕಡೆ ಆರಂಭದ ಸೆಕ್ಟರ್ ನೋಡಿಯೇ ನಿರ್ಧರಿಸಬೇಕು. ಈಚಿನ ಡಿಸ್ಕ್‌ಗಳಲ್ಲಿ ಮೊದಲ ಪಾರ್ಟಿಷನ್ ಸಾಮಾನ್ಯವಾಗಿ 2048ನೇ ಸೆಕ್ಟರಿನಿಂದ ಶುರು. ಡೀಪರ್ ಸರ್ಚ್ ಗಂಟೆಗಟ್ಟಲೆ ತಿನ್ನುತ್ತದೆ, ಕ್ವಿಕ್ ಸರ್ಚ್ ಸೋತಾಗ ಮಾತ್ರ ಸಾಕು.

ಇದರಿಂದ ಆಗದ್ದೂ ಇದೆ. ಪಾರ್ಟಿಷನ್ ಹೊಂದಿಸುವ ಜಿಪಾರ್ಟೆಡ್ ತಂತ್ರಾಂಶ ಪಾರ್ಟಿಷನ್ನನ್ನು ಸರಿಸುತ್ತಿರುವಾಗ ಕರೆಂಟ್ ಹೋದರೆ ಡೇಟಾ ಅರ್ಧ ಹಳೆಯ ಜಾಗದಲ್ಲಿ, ಅರ್ಧ ಹೊಸ ಜಾಗದಲ್ಲಿ ಉಳಿಯುತ್ತದೆ. ಅದಕ್ಕೆ ಟೇಬಲ್ ರಿಪೇರಿ ಮದ್ದಲ್ಲ. ಟೆಸ್ಟ್‌ಡಿಸ್ಕ್ ಜೊತೆಗೇ ಬರುವ ಫೋಟೊರೆಕ್ ಫೈಲುಗಳನ್ನು ಹೆಕ್ಕಿಕೊಡುತ್ತದೆ, ಆದರೆ ಮೂಲ ಹೆಸರುಗಳೂ ಫೋಲ್ಡರುಗಳೂ ಹೋದಂತೆಯೇ. ಟೇಬಲ್ ಪದೇಪದೇ ಕೆಡುತ್ತಿದ್ದರೆ ಸ್ಮಾರ್ಟ್ ವರದಿ (ಡಿಸ್ಕ್ ತಾನೇ ಇಡುವ ಆರೋಗ್ಯದ ಲೆಕ್ಕ) ನೋಡಿ. ಅದರ 199ನೇ ಸಾಲಿನ ಅಂಕಿ (ಡೇಟಾ ಸಾಗಣೆಯ ದೋಷಗಳು) ಏರುತ್ತಿದ್ದರೆ ಮೊದಲ ಅನುಮಾನ ಕೇಬಲ್ ಮೇಲೆ, ಮಲೆನಾಡಿನ ಥಂಡಿಗೆ ಪಿನ್ನುಗಳು ಕಿಲುಬು ಹಿಡಿದಿವೆಯೇ ಎಂದೂ ನೋಡಿ. 5 ಅಥವಾ 197ನೇ ಸಾಲು (ಕೆಟ್ಟ ಸೆಕ್ಟರುಗಳ ಎಣಿಕೆ) ಏರುತ್ತಿದ್ದರೆ ಡಿಸ್ಕನ್ನೇ ಬದಲಿಸಿ.

ಅಸಲಿ ಡಿಸ್ಕ್‌ನಲ್ಲಿ ಟೆಸ್ಟ್‌ಡಿಸ್ಕ್‌ನ ರೈಟ್ (ಬರೆ) ಒತ್ತಿ ರೀಬೂಟ್ ಆದಮೇಲೆ ಕೂಡಲೇ ರಿಪೇರಿಗೆ ಇಳಿಯಬೇಡಿ. ಫೈಲ್‌ಸಿಸ್ಟಂ ಎಕ್ಸ್ಟ್4 ಆದರೆ ಅದರ ಪರೀಕ್ಷಕ ಇ2ಎಫ್ಎಸ್‌ಸಿಕೆಯನ್ನು ಮೈನಸ್ ಎನ್ (-n) ಕೊಟ್ಟು, ಏನನ್ನೂ ಬದಲಿಸದ ಹಾಗೆ ಓಡಿಸಿ. ದೋಷಗಳು ಸಾವಿರಗಟ್ಟಲೆ ಸುರಿದರೆ ಪಾರ್ಟಿಷನ್‌ನ ಗಡಿಯೇ ತಪ್ಪಿರುವ ಸಂಭವ ಹೆಚ್ಚು. ಆಗ ರಿಪೇರಿಗೆ ಒಪ್ಪಿ ವೈ ಒತ್ತಿದರೆ ಉಳಿದ ಡೇಟಾವೂ ಹೋಗುತ್ತದೆ. ಟೆಸ್ಟ್‌ಡಿಸ್ಕ್‌ಗೆ ಮರಳಿ ಇನ್ನೊಂದು ಸಾಲು ಆರಿಸಿ ನೋಡಿ.