ಅಟ್ಲಾಂಟಾದಲ್ಲಿ ಕಾರು ನಿಲ್ಲಿಸಿದ ಮೇಲೆ ಡಿಕ್ಕಿ ತೆಗೆಯಬೇಡಿ

ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡು ಅಮೆರಿಕ ಸುತ್ತಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ತಿಂಗಳು ನಮಗಾದದ್ದು ಇನ್ನೊಂದು ಮನೆಯವರಿಗೆ ಆಗಬಾರದು.

ನಾವಿರುವುದು ಟೆನೆಸ್ಸಿಯ ನ್ಯಾಷ್‌ವಿಲ್‌ನಲ್ಲಿ. ಹಾಸನದಿಂದ ಬಂದ ಅಪ್ಪ ಅಮ್ಮನನ್ನು ಕಾರಿನಲ್ಲೇ ಫ್ಲಾರಿಡಾಗೆ ಕರೆದುಕೊಂಡು ಹೊರಟಿದ್ದೆವು. ಅಟ್ಲಾಂಟಾ ದಾರಿಯಲ್ಲೇ ಸಿಗುತ್ತದೆ. ಅಪ್ಪ ಮೇಷ್ಟ್ರಾಗಿದ್ದವರು, ಮಾರ್ಟಿನ್ ಲೂಥರ್ ಕಿಂಗ್ ಪಾಠವನ್ನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದವರು. ಅವರು ನೋಡಬೇಕು ಅಂತ ಕೇಳಿದ್ದು ಅಟ್ಲಾಂಟಾದಲ್ಲಿರುವ ಕಿಂಗ್ ಸ್ಮಾರಕ ಒಂದನ್ನೇ. ರಾತ್ರಿ ಅಟ್ಲಾಂಟಾದ ಹೊರಗೆ ಹೋಟೆಲ್‌ನಲ್ಲಿ ಉಳಿದು, ಶನಿವಾರ ಬೆಳಿಗ್ಗೆ ರೂಮು ಖಾಲಿ ಮಾಡಿ, ಎಲ್ಲ ಲಗೇಜನ್ನೂ ಕಾರಿಗೆ ತುಂಬಿಕೊಂಡು ಆ ಸ್ಮಾರಕವಿರುವ ಆಬರ್ನ್ ಅವೆನ್ಯೂ ಕಡೆ ಹೋದೆವು.

ಅಲ್ಲೇ ಹತ್ತಿರದ ಒಂದು ಬೀದಿಯಲ್ಲಿ ಕಾರು ನಿಲ್ಲಿಸಿದೆ. ಅಮ್ಮನ ಕೈಚೀಲ ಹಿಂದಿನ ಸೀಟಿನಲ್ಲಿತ್ತು. ಇಬ್ಬರ ಪಾಸ್‌ಪೋರ್ಟ್, ಬಿಪಿ ಮತ್ತು ಶುಗರ್ ಮಾತ್ರೆ, ಎಲ್ಲ ಅದರಲ್ಲೇ. "ಹೊತ್ಕೊಂಡು ಓಡಾಡೋದು ಬೇಡಮ್ಮ, ಇಲ್ಲೇ ಇರಲಿ" ಅಂತ ಹೇಳಿದವನು ನಾನೇ. ಹೊರಗೆ ಕಾಣಬಾರದು ಅಂತ ಆ ಚೀಲವನ್ನೂ ನನ್ನ ಲ್ಯಾಪ್‌ಟಾಪ್ ಬ್ಯಾಗನ್ನೂ ಎತ್ತಿ, ಡಿಕ್ಕಿ ತೆಗೆದು, ಸೂಟ್‌ಕೇಸ್‌ಗಳ ಮೇಲಿಟ್ಟು ಬಾಗಿಲು ಹಾಕಿದೆ. ಒಳ್ಳೆಯದು ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಸ್ಮಾರಕದಲ್ಲಿ ಕಳೆದ ಎರಡು ಗಂಟೆ ಮಾತ್ರ ತುಂಬಾ ಚೆನ್ನಾಗಿತ್ತು. ಅಲ್ಲಿ ಟಿಕೆಟ್ ಇಲ್ಲ. ಒಳಗೆ ಹೋಗುವ ಮುಂಚೆಯೇ ಗಾಂಧೀಜಿಯ ಪ್ರತಿಮೆ ಇದೆ. ಅದರ ಮುಂದೆ ಅಪ್ಪ ಚಪ್ಪಲಿ ಬಿಟ್ಟು ನಿಂತರು. 1959ರಲ್ಲಿ ಕಿಂಗ್ ಭಾರತಕ್ಕೆ ಬಂದದ್ದನ್ನು ಮೊಮ್ಮಗನಿಗೆ ಹೇಳಿದರು. ನೀರಿನ ನಡುವೆ ಕಿಂಗ್ ಮತ್ತು ಅವರ ಹೆಂಡತಿ ಕೊರೆಟ್ಟಾ ಅವರ ಸಮಾಧಿ. ಪಕ್ಕದಲ್ಲೇ ತಂದೆ ಮಗ ಇಬ್ಬರೂ ಪಾದ್ರಿಗಳಾಗಿದ್ದ ಎಬೆನೇಜರ್ ಚರ್ಚ್. 1974ರಲ್ಲಿ ಕಿಂಗ್ ಅವರ ತಾಯಿ ಆಲ್ಬರ್ಟಾ ಅವರನ್ನು ಗುಂಡು ಹೊಡೆದು ಕೊಂದದ್ದು ಅದೇ ಚರ್ಚಿನಲ್ಲಿ. ಆರ್ಗನ್ ನುಡಿಸುತ್ತಾ ಕೂತಿದ್ದರಂತೆ. ಅದನ್ನು ಕೇಳಿ ಅಮ್ಮ ಸುಮ್ಮನೆ ಬೆಂಚಿನ ಮೇಲೆ ಕೂತುಬಿಟ್ಟರು. 1929ರಲ್ಲಿ ಕಿಂಗ್ ಹುಟ್ಟಿದ ಮನೆ ದುರಸ್ತಿಗಾಗಿ ಮುಚ್ಚಿತ್ತು, ಹೊರಗಿಂದಲೇ ನೋಡಿದೆವು.

ವಾಪಸ್ ಬಂದಾಗ ಕಾರಿನ ಹಿಂದಿನ ಗಾಜು ಪುಡಿಪುಡಿ. ಸೂಟ್‌ಕೇಸ್ ನಾಲ್ಕೂ ಹಾಗೇ ಇದ್ದವು. ಚಪಾತಿ, ಚಟ್ನಿಪುಡಿಯ ಡಬ್ಬಿಯೂ ಇತ್ತು. ಹೋದದ್ದು ಮೇಲಿದ್ದ ಆ ಎರಡೇ ಬ್ಯಾಗು. ಅಂದರೆ ನಾನು ಇಡುವುದನ್ನು ಯಾರೋ ನೋಡಿದ್ದಾರೆ ಅಂತ ತಾನೇ ಅರ್ಥ? ರಿಪೋರ್ಟ್ ಬರೆದುಕೊಂಡ ಪೊಲೀಸರೂ ಅದನ್ನೇ ಹೇಳಿದರು. ಏನಾದರೂ ಮುಚ್ಚಿಡಬೇಕಿದ್ದರೆ ಊರಿನೊಳಗೆ ಬರುವ ಮುಂಚೆಯೇ, ಬೇರೆ ಕಡೆ ನಿಲ್ಲಿಸಿ ಮುಚ್ಚಿಡಿ. ನೋಡುವ ಜಾಗಕ್ಕೆ ಬಂದ ಮೇಲೆ ಡಿಕ್ಕಿ ಮುಟ್ಟಲೇಬೇಡಿ. ಇನ್ನೂ ಒಳ್ಳೆಯದೆಂದರೆ ಲಗೇಜನ್ನು ಹೋಟೆಲ್‌ನಲ್ಲೇ ಬಿಡಿ. ರೂಮು ಖಾಲಿ ಮಾಡಿದ ಮೇಲೂ ಸಾಮಾನ್ಯವಾಗಿ ಇಟ್ಟುಕೊಳ್ಳುತ್ತಾರೆ, ಕೇಳಬೇಕು ಅಷ್ಟೇ. ಕಾರನ್ನೂ ಅಲ್ಲೇ ಬಿಟ್ಟು ಅಟ್ಲಾಂಟಾದ ಲೋಕಲ್ ರೈಲು ಮಾರ್ಟಾದಲ್ಲಿ ಹೋಗಬಹುದಿತ್ತು, ಕಿಂಗ್ ಮೆಮೋರಿಯಲ್ ಅಂತಲೇ ಒಂದು ಸ್ಟೇಷನ್ ಇದೆ. ವಯಸ್ಸಾದವರು, ನಡೆಯೋದು ಕಷ್ಟ ಅಂತ ನಾನು ಕಾರು ತೆಗೆದುಕೊಂಡು ಹೋದೆ.

ಮೊದಲ ಚಿಂತೆ ಮಾತ್ರೆಯದಾಯಿತು. ಇಲ್ಲಿ ಚೀಟಿ ಇಲ್ಲದೆ ಆ ಮಾತ್ರೆ ಕೊಡುವುದಿಲ್ಲ. ಪುಣ್ಯಕ್ಕೆ ಹಾಸನದ ಡಾಕ್ಟರ್ ಬರೆದ ಚೀಟಿಯ ಫೋಟೋ ಅಮ್ಮನ ಫೋನಿನಲ್ಲಿತ್ತು. ಅರ್ಜೆಂಟ್ ಕೇರ್ ಕ್ಲಿನಿಕ್‌ನಲ್ಲಿ ಅದನ್ನು ತೋರಿಸಿ ಬರೆಸಿಕೊಂಡೆವು. ನಿಮ್ಮವರ ಚೀಟಿಯ ಫೋಟೋ ಇವತ್ತೇ ತೆಗೆದಿಟ್ಟುಕೊಳ್ಳಿ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ ಪುಟ, ಇವುಗಳ ಫೋಟೋ ಕೂಡ. ಪಾಸ್‌ಪೋರ್ಟ್ ನಂಬರ್ ಗೊತ್ತಿದ್ದರೆ ಐ-94, ಅಂದರೆ ಅಮೆರಿಕದೊಳಗೆ ಬಂದದ್ದರ ಸರ್ಕಾರಿ ದಾಖಲೆಯನ್ನು, ಆನ್‌ಲೈನ್‌ನಲ್ಲೇ ಮತ್ತೆ ತೆಗೆಯಬಹುದು. ಅವರು ಇಲ್ಲಿ ಕಾನೂನು ಪ್ರಕಾರ ಇದ್ದಾರೆ ಅಂತ ತೋರಿಸಲು ನಮ್ಮ ಕೈಯಲ್ಲಿ ಉಳಿದದ್ದು ಅದೊಂದೇ.

ಅಟ್ಲಾಂಟಾದಲ್ಲಿ ಭಾರತದ ಕಾನ್ಸುಲೇಟ್ ಇದೆ. ಆದರೆ ಶನಿವಾರ ಮುಚ್ಚಿರುತ್ತದೆ, ಸೋಮವಾರದವರೆಗೆ ಕಾಯಬೇಕಾಯಿತು. ಫ್ಲಾರಿಡಾ ಪ್ರವಾಸ ಅಲ್ಲಿಗೆ ಮುಗಿಯಿತು. ಪೊಲೀಸ್ ರಿಪೋರ್ಟ್ ಬೇಕೇ ಬೇಕು, ಅದಿಲ್ಲದೆ ಮುಂದಿನ ಯಾವ ಕೆಲಸವೂ ಆಗುವುದಿಲ್ಲ. ಒಂದು ಸಲ ಕಳೆದುಹೋಗಿದೆ ಅಂತ ಬರೆದುಕೊಟ್ಟರೆ ಹಳೇ ಪಾಸ್‌ಪೋರ್ಟ್ ರದ್ದು, ನಾಳೆ ಸಿಕ್ಕಿದರೂ ಅದನ್ನು ಬಳಸುವಂತಿಲ್ಲ. ಹೊಸ ಪಾಸ್‌ಪೋರ್ಟಿಗೆ ಕಾಯುವಷ್ಟು ದಿನ ಇಲ್ಲದ್ದರಿಂದ ಎಮರ್ಜೆನ್ಸಿ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಿದೆವು. ಅದರಲ್ಲಿ ಒಂದೇ ಒಂದು ಸಲ ಭಾರತಕ್ಕೆ ಹೋಗಬಹುದು ಅಷ್ಟೇ.

ವಿಮೆ ಇದೆಯಲ್ಲ ಅಂತ ಧೈರ್ಯವಾಗಿದ್ದೆ. ಕಾಂಪ್ರೆಹೆನ್ಸಿವ್ (ಅಪಘಾತವಲ್ಲದೆ ಕಳವಿನಂಥ ನಷ್ಟಕ್ಕೂ ಕೊಡುವ ವಿಮೆ) ಇದ್ದರೆ ಕಾರಿನ ವಿಮೆ ಗಾಜಿಗೆ ಕೊಡುತ್ತದೆ, ಒಳಗಿದ್ದ ವಸ್ತುವಿಗೆ ಕೊಡುವುದಿಲ್ಲ. ಅದು ಮನೆಯ ಅಥವಾ ಬಾಡಿಗೆದಾರರ ವಿಮೆಗೆ ಸೇರುತ್ತದೆ. ನಾನು ಅದನ್ನು ಮಾಡಿಸಿರಲಿಲ್ಲ.

ಅಟ್ಲಾಂಟಾಗೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಅಪ್ಪನಿಗೆ ಆ ಜಾಗ ನೋಡಿದ ತೃಪ್ತಿ ಇನ್ನೂ ಇದೆ. ಹೋಗಿ, ಆದರೆ ಪಾಸ್‌ಪೋರ್ಟ್ ಮೈಮೇಲೇ ಇರಲಿ. ಅಮ್ಮ ಬರುವ ವರ್ಷ ನನ್ನ ತಂಗಿಯ ಬಾಣಂತನಕ್ಕೆ ಮತ್ತೆ ಇಲ್ಲಿಗೆ ಬರಬೇಕು. ಹತ್ತು ವರ್ಷದ ವೀಸಾ ಇತ್ತು. ಈಗ ಊರಿಗೆ ಹೋಗಿ ಮೊದಲು ಪಾಸ್‌ಪೋರ್ಟ್, ಆಮೇಲೆ ವೀಸಾ, ಎಲ್ಲ ಮೊದಲಿಂದ ಮಾಡಿಸಬೇಕು. ಅಷ್ಟರೊಳಗೆ ಆಗುತ್ತೋ ಇಲ್ಲವೋ ಅಂತ ಅಮ್ಮ ದಿನಾ ಕೇಳುತ್ತಾರೆ.