ಹಳೆಯ ಜಿಪ್ಸಿಗೆ ಯಾವ ಇಂಜಿನ್: ಕಿಂಗ್‌ನದೋ, ಬಲೆನೋದೋ?

ಹಳೆಯ ಮಾರುತಿ ಜಿಪ್ಸಿಯ ಸಣ್ಣ ಇಂಜಿನ್ ತೆಗೆದು ದೊಡ್ಡದನ್ನು ಕೂರಿಸುವುದಾದರೆ ಯಾವುದು ಒಳ್ಳೆಯದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಆಮೇಲೆ ಬಂದ ಮಾದರಿಯಾದ ಜಿಪ್ಸಿ ಕಿಂಗ್‌ನ 1.3 ಲೀಟರಿನ ಎಂಪಿಎಫ್‌ಐ (ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಇಂಜಿನ್ನಿಗೆ, ನನ್ನ ಗಾಡಿಯಲ್ಲಿರುವುದೂ ಅದೇ. ನಮ್ಮ ಭಾವ ತಮ್ಮ ಜಿಪ್ಸಿಗೆ ಹಳೆಯ ಬಲೆನೋ ಸೆಡಾನ್ ಕಾರಿನ 1.6 ಲೀಟರಿನ ಇಂಜಿನ್ ಕೂರಿಸಿದ್ದಾರೆ. ಪಕ್ಕದ ತೋಟದವರದು ಕಾರ್ಬುರೇಟರ್ ಇರುವ 1.3. ಮೂರನ್ನೂ ಅದೇ ಏರಿನಲ್ಲಿ, ಅದೇ ಕೆಸರಿನಲ್ಲಿ ಓಡಿಸಿ ನೋಡಿದ್ದೇನೆ. ಭಾವ ನನ್ನ ತೀರ್ಮಾನವನ್ನು ಒಪ್ಪುವುದಿಲ್ಲ, ಅದು ಬೇರೆ ಮಾತು.

ಇವೆಲ್ಲ ಸಕಲೇಶಪುರದ ಕಡೆ ಕಾಫಿ ತೋಟದ ಗೇಟಿನೊಳಗೇ ಓಡುವ ಗಾಡಿಗಳು; ರಸ್ತೆಯ ಮಾತು ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಆರ್‌ಸಿಯಲ್ಲಿ ಇರುವ ಇಂಜಿನ್ ನಂಬರ್ ಒಂದು, ಬಾನೆಟ್ಟಿನೊಳಗೆ ಇರುವುದು ಇನ್ನೊಂದು ಎಂದಾದರೆ ಅಪಘಾತವಾದಾಗ ವಿಮೆಯೂ ಕೈಕೊಡಬಹುದು. ಹೆದ್ದಾರಿಗೆ ಇಳಿಯುವ ಆಸೆ ಇರುವವರು ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಕೇಳಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

1985ರಲ್ಲಿ ಬಂದ ಮೊದಲ ಜಿಪ್ಸಿಯ 970 ಸಿಸಿ ಇಂಜಿನ್ ಕೊಡುತ್ತಿದ್ದದ್ದು ಸುಮಾರು 45 ಅಶ್ವಶಕ್ತಿ. ಖಾಲಿ ಇದ್ದರೆ ಸಾಕು. ಹಿಂದೆ ಆರು ಮೂಟೆ ಗೊಬ್ಬರ ಇಟ್ಟು ಮಳೆಗಾಲದಲ್ಲಿ ಕೆರೆ ಏರಿ ಹತ್ತಿಸಿದರೆ ಅದು ಏದುಸಿರು ಬಿಡುತ್ತದೆ. ಕಿಂಗ್ ಬಂದಾಗ 1298 ಸಿಸಿ, 60 ಅಶ್ವಶಕ್ತಿ ಇತ್ತು. 2000ದಲ್ಲಿ ಎಂಪಿಎಫ್‌ಐ ಆದಾಗ 80ಕ್ಕೆ ಏರಿತು. ನನಗೆ ಬೇಕಾದದ್ದು ಅಷ್ಟೇ.

ಕಾರ್ಬುರೇಟರ್ ಇಂಜಿನ್ನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಗ್ಗ, ವೈರಿಂಗ್ ತಲೆನೋವಿಲ್ಲ, ಹಳೆಯ ಟ್ಯಾಂಕೇ ಸಾಕು. ಆದರೆ ಅಡ್ಡ ಇಳಿಜಾರಿನಲ್ಲಿ ವಾಲಿ ನಿಂತರೆ ಪೆಟ್ರೋಲ್ ಉಕ್ಕಿ ಬಂದ್ ಆಗುತ್ತದೆ, ಅದನ್ನು ಟ್ಯೂನ್ ಮಾಡಬಲ್ಲ ಹಿರಿಯ ಮೆಕ್ಯಾನಿಕ್‌ಗಳು ಈಗ ಹುಡುಕಿದರೂ ಸಿಗುವುದಿಲ್ಲ.

ಬಲೆನೋ ಇಂಜಿನ್ನಿಗೆ ನಿಜವಾಗಿಯೂ ದಮ್ಮು ಇದೆ. ಎರಡನೇ ಗೇರಿನಲ್ಲಿ ಭಾವ ಹತ್ತಿಸುವ ಏರನ್ನು ನಾನು ಮೊದಲನೆಯದರಲ್ಲಿ ಹತ್ತಿಸುತ್ತೇನೆ. ಆದರೆ ಕಾರಿನಲ್ಲಿ ಅಡ್ಡವಾಗಿ ಕೂರುವ ಇಂಜಿನ್ನನ್ನು ಜಿಪ್ಸಿಯಲ್ಲಿ ಉದ್ದಕ್ಕೆ ಕೂರಿಸಬೇಕು. ಆಯಿಲ್ ಸಂಪ್, ನೀರಿನ ಪೈಪು, ಇಂಜಿನ್ ಕೂರಿಸುವ ಫೌಂಡೇಶನ್, ಸೈಲೆನ್ಸರ್ ಬೆಂಡ್, ಒಂದೊಂದನ್ನೂ ಲೇತಿನವನ ಮುಂದೆ ಕಾದು ಕುಳಿತು ಮಾಡಿಸಬೇಕು. ಇಂಜಿನ್ ಹೆಡ್ಡಿನ ಹಿಂಬದಿ ತಗಲುತ್ತದೆಂದು ಫೈರ್‌ವಾಲನ್ನು (ಇಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವಿನ ತಗಡನ್ನು) ಸುತ್ತಿಗೆಯಿಂದ ಬಡಿದು ತಗ್ಗಿಸಿದ್ದಾರೆ. ಇಂಜಿನ್ ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತು, ಕೂಲಿ ಅದನ್ನು ದಾಟಿತು.

ಕಿಂಗ್‌ನದು ಕಂಪನಿಯಿಂದಲೇ ಜಿಪ್ಸಿಯಲ್ಲಿ ಉದ್ದಕ್ಕೆ ಕೂತು ಬಂದ ಇಂಜಿನ್. ಹಳೆಯ ನಾಲ್ಕು ಗೇರಿನ ಬಾಕ್ಸಿಗೆ ಇದು ಕೂರುವುದಿಲ್ಲವಾದ್ದರಿಂದ ಐದು ಗೇರಿನ ಬಾಕ್ಸ್, ಅಲ್ಲಿಂದ ಟ್ರಾನ್ಸ್‌ಫರ್ ಕೇಸಿಗೆ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆಗೆ) ಹೋಗುವ ಗಿಡ್ಡ ಶಾಫ್ಟ್, ರೇಡಿಯೇಟರ್ ಎಲ್ಲವನ್ನೂ ಒಟ್ಟಿಗೇ ತಂದೆ. ಟ್ರಾನ್ಸ್‌ಫರ್ ಕೇಸ್ ಮಾತ್ರ ಹಳೆಯದೇ ಇರಲಿ ಎಂದೆ. ಅದರ ಲೋ ಗೇರ್ ಕಿಂಗ್‌ನದಕ್ಕಿಂತ ತಗ್ಗು, ತೋಟಕ್ಕೆ ಅದೇ ಚೆನ್ನ.

ನನ್ನನ್ನು ಸತಾಯಿಸಿದ್ದು ಪೆಟ್ರೋಲ್. ಕಾರ್ಬುರೇಟರ್ ಜಿಪ್ಸಿಯ ಟ್ಯಾಂಕಿನಲ್ಲಿ ಪಂಪ್ ಇರುವುದಿಲ್ಲ, ಇಂಜಿನ್ನಿನ ಪಕ್ಕದ ಪುಟ್ಟ ಪಂಪೇ ಎಳೆದುಕೊಳ್ಳುತ್ತದೆ. ಎಂಪಿಎಫ್‌ಐಗೆ ಹೆಚ್ಚಿನ ಒತ್ತಡ ಬೇಕು. ಮೆಕ್ಯಾನಿಕ್ ಚಾಸಿಗೆ ಹೊರಗಡೆಯಿಂದ ಒಂದು ಎಲೆಕ್ಟ್ರಿಕ್ ಪಂಪ್ ಬಿಗಿದುಕೊಟ್ಟ. ಸಮತಟ್ಟಿನಲ್ಲಿ ಹೂವಿನ ಹಾಗೆ ಓಡಿತು. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿದಾಗ ಕಡಿದಾದ ಏರಿನ ನಡುವೆ ಒಮ್ಮೆ ಮುಕ್ಕರಿಸಿ ನಿಂತುಬಿಟ್ಟಿತು. ಹಿಂದೆ ಸರಿದು ಸಮ ಜಾಗಕ್ಕೆ ಬಂದರೆ ಮತ್ತೆ ಏನೂ ಆಗದಂತೆ ಸ್ಟಾರ್ಟ್.

ಕಾರಣ ಸರಳ. ಗಾಡಿ ಮೇಲ್ಮುಖವಾದಾಗ ಪೆಟ್ರೋಲ್ ಟ್ಯಾಂಕಿನ ಒಂದು ಮೂಲೆಗೆ ಹರಿಯುತ್ತದೆ, ಪಂಪ್ ಗಾಳಿ ಹೀರುತ್ತದೆ. ಕಾರ್ಬುರೇಟರಿನ ಬಟ್ಟಲಿನಲ್ಲಿ ಕೊಂಚ ಪೆಟ್ರೋಲ್ ಸಂಗ್ರಹವಿರುವುದರಿಂದ ಅದು ಕೆಲವು ಕ್ಷಣ ಸುಧಾರಿಸಿಕೊಳ್ಳುತ್ತದೆ. ಇಂಜೆಕ್ಟರಿಗೆ ಆ ಗಂಟು ಇಲ್ಲ. ಮೆಕ್ಯಾನಿಕ್ ಕೊಟ್ಟ ಪರಿಹಾರ: "ಟ್ಯಾಂಕ್ ಯಾವಾಗಲೂ ತುಂಬಿಸಿಯೇ ಇಟ್ಟುಕೊಳ್ಳಿ ಸಾರ್." ಸಾಲದ್ದಕ್ಕೆ ಹಳೆಯ ರಬ್ಬರ್ ಪೈಪನ್ನೇ ಉಳಿಸಿದ್ದ. ಕ್ಲಿಪ್ಪಿನ ಬಳಿ ಬೆರಳಾಡಿಸಿದರೆ ಒದ್ದೆ, ಗಾಡಿಯೊಳಗೆ ಪೆಟ್ರೋಲ್ ವಾಸನೆ. ಕೆಳಗಡೆ ಸೈಲೆನ್ಸರ್ ಕೆಂಡದಂತೆ ಕಾದಿರುವ ಗಾಡಿಯಲ್ಲಿ ಇದು ಹುಡುಗಾಟದ ವಿಷಯವಲ್ಲ.

ಕೊನೆಗೆ ಬೇರೊಬ್ಬರು ಸರಿ ಮಾಡಿಕೊಟ್ಟರು. ಎರಡು ಲೀಟರಿಗಿಂತ ಚಿಕ್ಕದಾದ ಒಂದು ಅಲ್ಯೂಮಿನಿಯಂ ಡಬ್ಬಿ ನಡುವೆ ಬಂತು. ಕಡಿಮೆ ಒತ್ತಡದ ಪಂಪ್ ಟ್ಯಾಂಕಿನಿಂದ ಅದನ್ನು ತುಂಬಿಸುತ್ತಲೇ ಇರುತ್ತದೆ, ದೊಡ್ಡ ಪಂಪ್ ಅದರ ತಳದಿಂದ ಎಳೆಯುತ್ತದೆ, ಹೆಚ್ಚಾದದ್ದು ಟ್ಯಾಂಕಿಗೆ ವಾಪಸ್. ಎಂಪಿಎಫ್‌ಐ ಒತ್ತಡ ತಡೆಯುವ ಹೊಸ ಪೈಪು, ಹೊಸ ಕ್ಲಿಪ್ಪು. ಅಂದಿನಿಂದ ಯಾವ ಏರಿನಲ್ಲೂ ನಿಂತಿಲ್ಲ. ಭಾವನ ಬಲೆನೋ ಇಂಜಿನ್ನಿಗೂ ಇದೇ ರೋಗವಿತ್ತು, ಅವರು ಮೆಕ್ಯಾನಿಕ್ ಹೇಳಿದಂತೆ ಟ್ಯಾಂಕ್ ತುಂಬಿಸಿಕೊಂಡೇ ಓಡಾಡುತ್ತಾರೆ.

ಪೆಟ್ರೋಲ್ ಖರ್ಚಿನಲ್ಲಿ ನನ್ನ ಗಾಡಿಗೂ ಭಾವನದಕ್ಕೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ.

ಹೆದ್ದಾರಿಯಲ್ಲಿ ಓಡಿಸುವ ಮಾತಿದ್ದರೆ 1.6ರ ಪರವಾಗಿ ವಾದಿಸಬಹುದಿತ್ತು. ತೋಟದಲ್ಲಿ ಮೂರನೇ ಗೇರ್ ಹಾಕುವುದೇ ಅಪರೂಪ, ಅಲ್ಲಿ ಆ ಹೆಚ್ಚಿನ ಶಕ್ತಿಗೆ ದುಡ್ಡು ಸುರಿಯಲು ನನಗೆ ಮನಸ್ಸಿಲ್ಲ. ಪಿಕ್ಕಿಂಗ್ ಹೊತ್ತಿನಲ್ಲಿ ಕೆಟ್ಟು ನಿಂತರೆ ಕಿಂಗ್‌ನ ಬಿಡಿಭಾಗ ಹಾಸನದಲ್ಲೇ ಸಿಗುತ್ತದೆ. ಭಾವನ ಗಾಡಿಗೆ ಏನಾದರೂ ಆದರೆ ಮತ್ತೆ ಲೇತಿನವನೇ ಗತಿ.

ಕೊಳ್ಳುವವರು ಒಂದು ವಿಷಯ ನೋಡಿಕೊಳ್ಳಿ. ಇಂಜಿನ್ ಜೊತೆಗೆ ಅದೇ ಗಾಡಿಯ ಇಸಿಎಂ (ಇಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಮತ್ತು ಪೂರ್ತಿ ವೈರಿಂಗ್ ಕೇಳಿ ತನ್ನಿ. ಗುಜರಿಯವರು ಬಿಚ್ಚುವ ಅವಸರದಲ್ಲಿ ವೈರನ್ನು ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿ ಕೊಡುತ್ತಾರೆ. ಹಾಗೆ ತುಂಡಾದದ್ದಾದರೆ ಎಷ್ಟು ಅಗ್ಗವಾದರೂ ಅಲ್ಲೇ ಬಿಟ್ಟು ಬನ್ನಿ.