ಚಿಕುನ್‌ಗುನ್ಯಾ ಕೀಲು ನೋವಿಗೆ ಹೆಸರಿಲ್ಲದ ಬಿಡಿ ಮಾತ್ರೆ ಕೊಟ್ರೆ ತಗೋಬೇಡಿ

ಜ್ವರ ಬಿಟ್ಟ ಮೇಲೂ ಕೈಕಾಲು ಸಂದು ಹಿಡ್ಕೊಂಡು ಒದ್ದಾಡ್ತಿರೋರು, ಅದರಲ್ಲೂ "ಒಂದು ಇಂಜೆಕ್ಷನ್ ಹಾಕಿಸ್ಕೊಳ್ಳಿ, ನಾಳೆನೇ ಓಡಾಡ್ತೀರಾ" ಅನ್ನೋ ಮಾತು ಕೇಳಿಸ್ಕೊಂಡಿರೋರು ಇದನ್ನ ಪೂರ್ತಿ ಓದಿ. ಉದ್ದ ಆಗುತ್ತೆ, ಬೆರಳು ಇನ್ನೂ ಪೂರ್ತಿ ಸರಿಯಾಗಿಲ್ಲ ಆದ್ರೂ ಟೈಪ್ ಮಾಡ್ತಿದೀನಿ ಅಂದ್ರೆ ಎಷ್ಟು ಉರಿದಿರಬೇಕು ನೋಡಿ.

ಮಧ್ಯಾಹ್ನದ ತನಕ ಚೆನ್ನಾಗೇ ಇದ್ದೆ, ಸಾಯಂಕಾಲಕ್ಕೆ ಚಳಿ ಜ್ವರ, ರಾತ್ರಿ ಮಗ್ಗುಲು ಬದಲಿಸೋಕೂ ಆಗ್ತಿಲ್ಲ. ಮಾಮೂಲಿ ಮೈಕೈ ನೋವು ಅಂತೀವಲ್ಲ, ಅದಲ್ಲ ಇದು. ಎರಡೂ ಮಣಿಕಟ್ಟು, ಎರಡೂ ಪಾದ, ಬೆರಳಿನ ಗೆಣ್ಣು ಗೆಣ್ಣೂ ಬಾತ್ಕೊಂಡು ಎಡಕ್ಕೆ ಬಂದಿದ್ದೇ ಬಲಕ್ಕೂ. ಟೂತ್‌ಪೇಸ್ಟ್ ಮುಚ್ಚಳ ಹಲ್ಲಲ್ಲಿ ಕಚ್ಚಿ ತಿರುಗಿಸ್ತಿದ್ದೆ, ಬಾತ್‌ರೂಮಲ್ಲಿ ಮಗ್ ಹಿಡಿ ಹಿಡಿಯೋಕಾಗದೆ ಎರಡು ಅಂಗೈ ಮಧ್ಯೆ ಒತ್ತಿ ಹಿಡಿದು ನೀರು ಸುರ್ಕೊಳ್ತಿದ್ದೆ, ಅದೂ ಅರ್ಧ ಮಗ್ ಮಾತ್ರ, ಪೂರ್ತಿ ತುಂಬಿದ್ರೆ ಮಣಿಕಟ್ಟು ತಡೀತಿರಲಿಲ್ಲ. ಬೆಳಿಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಡೋದಿದೆಯಲ್ಲ, ಅನುಭವಿಸಿದೋರಿಗೇ ಗೊತ್ತು.

ಹತ್ತಿರದ ಕ್ಲಿನಿಕ್ಕಿಗೆ ಕರ್ಕೊಂಡು ಹೋದ್ರು. ಹೆಸರು ಹೇಳಲ್ಲ, ಹೇಳಿ ಪ್ರಯೋಜನನೂ ಇಲ್ಲ, ಇಂಥ ಕಡೆ ಒಂದೇ ಅಲ್ಲ ಇರೋದು. ರಕ್ತ ಪರೀಕ್ಷೆ ಮಾತೇ ಇಲ್ಲ, ಹೋದ ತಕ್ಷಣ ಸೊಂಟಕ್ಕೆ ನೋವಿನ ಇಂಜೆಕ್ಷನ್. ಇದೇ ಮೊದಲನೇ ಎಡವಟ್ಟು ಅಂತ ಆಮೇಲೆ ಗೊತ್ತಾಯ್ತು. ಡೆಂಗ್ಯೂ, ಚಿಕುನ್‌ಗುನ್ಯಾ ಎರಡನ್ನೂ ಹರಡೋದು ಅದೇ ಹಗಲು ಕಚ್ಚೋ ಈಡಿಸ್ ಸೊಳ್ಳೆ, ಶುರುವಿನಲ್ಲಿ ಎರಡೂ ಒಂದೇ ಥರ ಕಾಣುತ್ತೆ, ಕೆಲವರಿಗೆ ಎರಡೂ ಒಟ್ಟಿಗೇ ಬರೋದೂ ಉಂಟು. ಡೆಂಗ್ಯೂ ಆಗಿದ್ದು ಪ್ಲೇಟ್‌ಲೆಟ್ ಇಳೀತಿದ್ರೆ ಡೈಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ಥರದ ನೋವಿನ ಔಷಧಿ ರಕ್ತಸ್ರಾವದ ಅಪಾಯ ಜಾಸ್ತಿ ಮಾಡುತ್ತೆ. ಅದಕ್ಕೇ ಡೆಂಗ್ಯೂ ಅಲ್ಲ ಅಂತ ಖಾತ್ರಿ ಆಗೋ ತನಕ ಬರೀ ಪ್ಯಾರಾಸಿಟಮಾಲ್, ಅದೂ ಡಾಕ್ಟರ್ ಹೇಳಿದಷ್ಟೇ (ದೊಡ್ಡೋರಿಗೆ ದಿನಕ್ಕೆ 4 ಗ್ರಾಂ ದಾಟಲೇಬಾರದು, ಲಿವರ್ ತೊಂದರೆ ಇದ್ರೆ ಇನ್ನೂ ಕಮ್ಮಿ), ಚೆನ್ನಾಗಿ ನೀರು, ರೆಸ್ಟ್. ನನಗೆ ಡೆಂಗ್ಯೂ ಇರಲಿಲ್ಲ, ಬಚಾವಾದೆ. ಅದು ಆ ಕ್ಲಿನಿಕ್ಕಿನ ಜಾಣತನ ಅಲ್ಲ, ನನ್ನ ಅದೃಷ್ಟ ಅಷ್ಟೇ.

ನಾವೇ ಒತ್ತಾಯ ಮಾಡಿದ ಮೇಲೆ ಟೆಸ್ಟ್ ಬರೆದುಕೊಟ್ರು. ಜ್ವರ ಇನ್ನೂ ಹೊಸದು, ಆದ್ರೂ ಬರೆದಿದ್ದು ಐಜಿಎಂ ಮಾತ್ರ. ರಿಪೋರ್ಟ್ ನೆಗೆಟಿವ್ ಬಂತು, "ಚಿಕುನ್‌ಗುನ್ಯಾ ಅಲ್ಲ, ವಾತ" ಅಂದ್ಬಿಟ್ರು. ಐಜಿಎಂ ಅಂದ್ರೆ ದೇಹ ತಯಾರು ಮಾಡೋ ಆಂಟಿಬಾಡಿ, ಅದು ರಕ್ತದಲ್ಲಿ ಕಾಣೋಕೆ ಸುಮಾರಾಗಿ ಐದು ದಿನ ಆದ್ರೂ ಬೇಕು. ಮೊದಲ ವಾರದಲ್ಲಿ ವೈರಸ್ಸನ್ನೇ ಹುಡುಕೋ ಪಿಸಿಆರ್ ಟೆಸ್ಟ್ ಮಾಡಿಸ್ಬೇಕು, ಇಲ್ಲಾಂದ್ರೆ ಒಂದು ವಾರ ಕಳೆದ ಮೇಲೆ ಐಜಿಎಂ ಮತ್ತೆ ಮಾಡಿಸ್ಬೇಕು. ಬೇಗ ಮಾಡಿಸಿದ ಐಜಿಎಂ ನೆಗೆಟಿವ್ ಬಂದ್ರೆ ಕಾಯಿಲೆ ಇಲ್ಲ ಅಂತ ಅರ್ಥ ಅಲ್ಲ. ಇಷ್ಟು ಚಿಕ್ಕ ವಿಷಯ ಹೇಳೋಕೆ ಅಲ್ಲಿ ಒಬ್ಬರಿಗೂ ಪುರುಸೊತ್ತಿರಲಿಲ್ಲ.

ಜ್ವರ ಒಂದು ವಾರದೊಳಗೆ ಬಿಡ್ತು, ಕೀಲು ಮಾತ್ರ ಬಿಡ್ಲಿಲ್ಲ. ಆಗ ಕೊಟ್ಟಿದ್ದು ಪೊಟ್ಟಣ. ಬಿಳಿ ಪೇಪರ್ ಕವರ್, ಒಳಗೆ ಚಿಕ್ಕ ಬಿಳಿ ಮಾತ್ರೆ, ಅರ್ಧಕ್ಕೆ ಮುರಿದ ಹಳದಿ ಮಾತ್ರೆ ಒಂದಷ್ಟು, ಒಂದು ಕೆಂಪು ಕ್ಯಾಪ್ಸೂಲ್, ಕವರ್ ಮೇಲೆ ಪೆನ್ನಲ್ಲಿ ಬೆಳಿಗ್ಗೆಗೆ ಒಂದು ಗೀಟು ರಾತ್ರಿಗೆ ಒಂದು ಗೀಟು. ಸ್ಟ್ರಿಪ್ ಇಲ್ಲ, ಹೆಸರಿಲ್ಲ, ಚೀಟಿ ಇಲ್ಲ. ಏನ್ ಸಾರ್ ಇದು ಅಂತ ಕೇಳಿದ್ರೆ "ನೋವಿನ ಮಾತ್ರೆ, ಪವರ್‌ಫುಲ್ ಇದೆ". ಮಾರನೇ ದಿನ ಮಂತ್ರ ಹಾಕಿದಂಗೆ ನೋವು ಮಾಯ! ಊತ ಇಳೀತು, ಹಸಿವು ಕಿತ್ಕೊಂಡು ಬಂತು, ರಾತ್ರಿ ನಿದ್ದೆ ಮಾತ್ರ ಇಲ್ಲ. ಮನೇಲಿ ಎಲ್ಲರೂ ಆ ಡಾಕ್ಟರ್ ಕೈಗುಣ ಹೊಗಳಿದ್ದೇ ಹೊಗಳಿದ್ದು.

ಪೊಟ್ಟಣ ಮುಗಿದಾಗ ನೋವು ಮೊದಲಿಗಿಂತ ಜೋರಾಗಿ ತಿರುಗಿ ಬಂತು. ಮತ್ತೆ ಹೋದ್ರೆ ಮತ್ತೊಂದು ಪೊಟ್ಟಣ. ಹೀಗೇ ನಡೀತು. ಮುಖ ಗುಂಡಗೆ ಊದ್ಕೊಳ್ತು, ಕನ್ನಡಿ ನೋಡಿದ್ರೆ ಬೇರೆ ಯಾರೋ ಅನ್ಸೋದು, ಇಲ್ಲದ ಶುಗರ್ ಕಾಣಿಸ್ಕೊಳ್ತು, ಬಿಪಿ ಏರ್ತು, ಮೊಳಕೈ ಹತ್ರ ಚೂರು ತಗುಲಿದ್ರೂ ನೀಲಿಗಟ್ಟೋದು. ಕೊನೆಗೆ ಕೀಲು ರೋಗದ ಸ್ಪೆಷಲಿಸ್ಟ್, ರುಮಟಾಲಜಿಸ್ಟ್ ಅಂತಾರಲ್ಲ, ಅವರ ಹತ್ರ ಹೋದಾಗ ಆ ಮೇಡಂ ನನ್ನ ಮುಖ ನೋಡಿ ಕೇಳಿದ ಮೊದಲ ಪ್ರಶ್ನೇನೇ "ಬಿಡಿ ಮಾತ್ರೆ ತಗೋತಿದೀರಾ?" ಬೆಳಗಿನ ಹೊತ್ತು ರಕ್ತ ತೆಗೆದು ಕಾರ್ಟಿಸಾಲ್ (ದೇಹ ತಾನೇ ಮಾಡ್ಕೊಳ್ಳೋ ಸ್ಟಿರಾಯ್ಡ್ ಹಾರ್ಮೋನ್) ಟೆಸ್ಟ್ ಮಾಡಿಸಿದ್ರು, ತೀರಾ ಕಮ್ಮಿ. ಅಂದ್ರೆ ಪೊಟ್ಟಣದಲ್ಲಿದ್ದಿದ್ದು ಸ್ಟಿರಾಯ್ಡ್, ಬಾವು ಬೇಗ ಇಳಿಸೋ ಜೋರು ಔಷಧಿ. ಹೊರಗಿನಿಂದ ಸ್ಟಿರಾಯ್ಡ್ ಸುರೀತಾ ಇದ್ರೆ ಕಿಡ್ನಿ ಮೇಲಿರೋ ಅಡ್ರಿನಲ್ ಗ್ರಂಥಿ ತನ್ನ ಪಾಲಿನ ಕಾರ್ಟಿಸಾಲ್ ಮಾಡೋದನ್ನ ನಿಲ್ಲಿಸಿಬಿಡುತ್ತಂತೆ, ನನಗೆ ಆಗಿದ್ದೂ ಅದೇ.

ಸ್ಟಿರಾಯ್ಡೇ ವಿಷ ಅಂತ ನಾನು ಹೇಳ್ತಿಲ್ಲ. ಚಿಕುನ್‌ಗುನ್ಯಾ ಕೀಲು ಬಾವು ಬೇರೆ ಯಾವುದಕ್ಕೂ ಬಗ್ಗದಿದ್ರೆ ಸ್ಪೆಷಲಿಸ್ಟ್‌ಗಳೂ ಕೊಡ್ತಾರೆ, ಆದ್ರೆ ಜ್ವರದ ಹೊಸತರಲ್ಲಿ ಅಲ್ಲ, ಆಮೇಲೆ ಕೊಟ್ರೂ ಕಮ್ಮಿ ಡೋಸು, ಕಮ್ಮಿ ದಿನ, ನಿಧಾನಕ್ಕೆ ಇಳಿಸೋ ಲೆಕ್ಕ ಬರೆದು. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ ಅಂತ ಕಾಗದದ ಮೇಲೆ ಇರುತ್ತೆ. ಪೊಟ್ಟಣದಲ್ಲಿ ಅದ್ಯಾವುದೂ ಇರಲ್ಲ.

ಆ ಮೇಡಂ ಹೇಳಿದ ಮೇಲೆನೇ ಚಿಕುನ್‌ಗುನ್ಯಾದ ಪೂರ್ತಿ ಕಥೆ ತಿಳಿದಿದ್ದು. ಸಾಮಾನ್ಯವಾಗಿ ವೈರಸ್ ರಕ್ತದಿಂದ ಒಂದು ವಾರದಲ್ಲಿ ಹೋಗಿಬಿಡುತ್ತೆ, ಅದು ಎಬ್ಬಿಸಿದ ಉರಿಯೂತ ಕೀಲಲ್ಲಿ ಉಳ್ಕೊಳ್ಳುತ್ತೆ. ಮೂರು ತಿಂಗಳು ದಾಟಿದ್ರೆ ಅದನ್ನ ದೀರ್ಘಕಾಲದ್ದು ಅಂತ ಲೆಕ್ಕ ಹಾಕ್ತಾರೆ. ನಲವತ್ತೈದು ದಾಟಿದೋರು, ಹೆಂಗಸರು, ಮೊದಲೇ ಕೀಲು ತೊಂದರೆ ಇದ್ದೋರು, ಶುರುವಿನಲ್ಲೇ ಜೋರಾಗಿ ಬಂದೋರು, ಇವರಿಗೆ ಉಳಿಯೋದು ಜಾಸ್ತಿ. 2005-06ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಒಬ್ಬರಿಗೆ ಇದು ಬಂದಿತ್ತು, ಅಲ್ಲಿ ಎಷ್ಟೋ ಜನ ವರ್ಷಗಟ್ಟಲೆ ನೋವು ಅನುಭವಿಸಿದಾರೆ. ಆಸ್ಟ್ರೇಲಿಯಾದ ರಾಸ್ ರಿವರ್ ವೈರಸ್ಸೂ ಇದೇ ಕುಟುಂಬದ್ದು, ಅದೂ ಸೊಳ್ಳೆಯಿಂದ್ಲೇ ಬರೋದು, ಅದೂ ಕೀಲೇ ಹಿಡಿಯೋದು. ಅಂದ್ರೆ ಇಷ್ಟು ದಿನ ನೋವು ಇರೋದು ನಮ್ಮ ಮನಸ್ಸಿನ ಭ್ರಮೆ ಅಲ್ಲ, ಸೋಮಾರಿತನನೂ ಅಲ್ಲ. ಇದನ್ನ ಮನೆಯವರಿಗೂ ಓದಿಸಿ ದಯವಿಟ್ಟು.

ಹೋಗಲಿ ಅಂದ್ರೆ ಮಧ್ಯದಲ್ಲಿ ಇನ್ನೊಬ್ಬರು ನನಗೆ ರುಮಟಾಯ್ಡ್ ಆರ್ಥ್ರೈಟಿಸ್ (ದೇಹದ ರೋಗನಿರೋಧಕ ಶಕ್ತಿನೇ ಕೀಲಿನ ಮೇಲೆ ತಿರುಗಿ ಬೀಳೋ ಕಾಯಿಲೆ) ಅಂತ ಹಣೆಪಟ್ಟಿ ಬೇರೆ ಹಚ್ಚಿದ್ರು. ಎರಡೂ ಕಡೆ ಸಣ್ಣ ಕೀಲು ಬಾವು, ಬೆಳಿಗ್ಗೆ ಬಿಗಿತ, ನೋಡೋಕೆ ಹಾಗೇ ಕಾಣುತ್ತೆ ನಿಜ. ಆದ್ರೆ ಚಿಕುನ್‌ಗುನ್ಯಾದಲ್ಲಿ ಆಂಟಿ ಸಿಸಿಪಿ, ಅಂದ್ರೆ ರುಮಟಾಯ್ಡ್ ಪತ್ತೆಗೆ ಮಾಡೋ ರಕ್ತದ ಟೆಸ್ಟ್, ಸಾಮಾನ್ಯವಾಗಿ ನೆಗೆಟಿವ್ ಬರುತ್ತೆ, ಜ್ವರ ಬಂದ ಇತಿಹಾಸನೂ ಇರುತ್ತೆ. ಅದಕ್ಕೇ ಯಾವ ಡಾಕ್ಟರ್ ಹತ್ರ ಹೋದ್ರೂ ಜ್ವರ ಯಾವಾಗ ಬಂತು ಅನ್ನೋದನ್ನ ಮೊದಲು ಹೇಳಿ. ಮೆಥೊಟ್ರೆಕ್ಸೇಟ್ ಬರೆದುಕೊಟ್ರೆ ಇನ್ನೊಂದು ಎಚ್ಚರ, ಕೀಲಿಗೆ ಕೊಡೋ ಆ ಮಾತ್ರೆ ವಾರಕ್ಕೆ ಒಂದು ದಿನ ಮಾತ್ರ, ದಿನಾ ನುಂಗಿದ್ರೆ ಜೀವಕ್ಕೇ ಅಪಾಯ. ಗರ್ಭಿಣಿಯರಿಗೆ ಅದು ಕೂಡದು.

ನನಗೆ ಕೆಲಸ ಮಾಡಿದ್ದು ಬೇಜಾರು ಹಿಡಿಸೋ ದಾರಿ. ಹೆಸರಿರೋ ನೋವಿನ ಮಾತ್ರೆ ಕಮ್ಮಿ ದಿನ, ಹೊಟ್ಟೆ ಕಿಡ್ನಿ ನೋಡ್ಕೊಂಡು. ಬಿಸಿ ನೀರಲ್ಲಿ ಕೈ ಅದ್ದಿ ನಿಧಾನಕ್ಕೆ ಮುಷ್ಟಿ ಕಟ್ಟೋದು ಬಿಡೋದು, ಫಿಸಿಯೋ ಹೇಳಿಕೊಟ್ಟ ವ್ಯಾಯಾಮ, ಊತ ಇರೋ ದಿನ ಭಾರ ಎತ್ತದೇ ಇರೋದು. ಹಾಗಂತ ಪೂರ್ತಿ ಮಲಗಿಬಿಟ್ರೆ ಕೀಲು ಇನ್ನೂ ಬಿಗಿಯಾಗುತ್ತೆ.

ಜ್ವರದ ಮೊದಲ ವಾರ ಹಗಲಲ್ಲೂ ಸೊಳ್ಳೆ ಪರದೆ ಒಳಗೇ ಮಲಗಿ, ಆಗ ನಿಮ್ಮನ್ನ ಕಚ್ಚಿದ ಸೊಳ್ಳೆನೇ ಮನೆಯವರಿಗೆ ಹಂಚೋದು. ಹೊಟ್ಟೆನೋವು ಜೋರಾದ್ರೆ, ವಾಂತಿ ನಿಲ್ಲದಿದ್ರೆ, ವಸಡಲ್ಲಿ ರಕ್ತ ಬಂದ್ರೆ ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೋಗಿ, ಜ್ವರ ಇಳೀತಲ್ಲ ಅಂತ ಸುಮ್ಮನಿರಬೇಡಿ, ಡೆಂಗ್ಯೂ ಕೈ ಕೊಡೋದು ಜ್ವರ ಇಳಿಯೋ ಹೊತ್ತಲ್ಲೇ.

ಈಗಾಗ್ಲೇ ಇಂಥ ಪೊಟ್ಟಣ ವಾರಗಟ್ಟಲೆ ನುಂಗ್ತಿರೋರು ಇದನ್ನ ಓದಿದ ಸಿಟ್ಟಲ್ಲಿ ಇವತ್ತೇ ದಿಢೀರಂತ ನಿಲ್ಲಿಸಿಬಿಡಬೇಡಿ. ಸ್ಟಿರಾಯ್ಡ್ ಇದ್ದು ಒಮ್ಮೆಲೇ ಬಿಟ್ರೆ ಸುಸ್ತು, ವಾಂತಿ, ಬಿಪಿ ಕುಸಿದು ಬೀಳೋ ತನಕ ಹೋಗಬಹುದು. ಉಳಿದ ಮಾತ್ರೆ ಕವರ್ ಸಮೇತ ತಗೊಂಡು ಬೇರೆ ಒಳ್ಳೆ ಡಾಕ್ಟರ್ ಹತ್ರ ಹೋಗಿ ತೋರಿಸಿ, ಎಷ್ಟು ದಿನದಿಂದ ತಗೋತಿದೀರಿ ಅಂತ ಮುಚ್ಚಿಡದೆ ಹೇಳಿ, ಅವರು ಇಳಿಸೋ ಲೆಕ್ಕ ಬರೆದುಕೊಡ್ತಾರೆ.